ಮೊದಲು ಗಂಡನನ್ನು ಕರೆದುಕೊಂಡು ಬಾ

ಹೆಣ್ಣುಮಕ್ಕಳ ದವಾಖಾನೆ ತೆರೆಯಲು ಹೊರಟ ಹುಡುಗಿಯರೇ, ಮೊದಲು ಕುರ್ಚಿಯ ಮಾತು ಹೇಳಿಬಿಡುತ್ತೇನೆ. ನಿಮ್ಮ ಮೇಜಿನ ಎದುರು ಎರಡು ಕುರ್ಚಿ ಇಡಿ. ಮಕ್ಕಳಾಗಲಿಲ್ಲ ಎಂದು ಬಂದವರಿದ್ದರೆ ಒಂದರಲ್ಲಿ ಹೆಂಡತಿ ಕೂರಬೇಕು, ಇನ್ನೊಂದರಲ್ಲಿ ಗಂಡ. ಆ ಎರಡನೆಯ ಕುರ್ಚಿಯನ್ನು ಅತ್ತೆ ಹಿಡಿದರೆ ನಯವಾಗಿ ಎಬ್ಬಿಸಿ. ನಯಕ್ಕೆ ಏಳದಿದ್ದರೆ ಜೋರಾಗಿ ಎಬ್ಬಿಸಿ. ಗಂಡನೆಂಬುವವನು ಎದುರಿನ ಚಹಾದಂಗಡಿಯಲ್ಲಿ ಪೇಪರು ಓದುತ್ತಾ ಕೂತಿರುತ್ತಾನೆ. ಅವನು ಒಳಗೆ ಬರುವವರೆಗೆ ಪೆನ್ನು ಮುಟ್ಟಬೇಡಿ. ಇದನ್ನು ನನಗೆ ಕಾಲೇಜಿನ ಪುಸ್ತಕ ಕಲಿಸಲಿಲ್ಲ, ಚಿಕ್ಕೋಡಿ ಸೀಮೆಯ ಹೆಂಗಸರು ಕಲಿಸಿದರು.

ನಾನು ಅಥಣಿಯವಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಎಂಬತ್ತರ ದಶಕದ ಆರಂಭದಲ್ಲಿ ನಿಪ್ಪಾಣಿಯ ಒಬ್ಬ ಹಿರಿಯ ಡಾಕ್ಟರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಅವರ ಕೈಗುಣ ದೊಡ್ಡದು. ಅಡ್ಡ ಬಿದ್ದ ಕೂಸನ್ನು ಹೊರಗಿನಿಂದಲೇ ನೇವರಿಸಿ ತಿರುಗಿಸುತ್ತಿದ್ದರು. ಆದರೆ ಮಕ್ಕಳಿಲ್ಲದ ಹೆಂಗಸು ಬಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ಮಂತ್ರ. ಜನ ಅದಕ್ಕೆ ‘ಪಿಶವಿ ತೊಳೆಯುವುದು’ ಎನ್ನುತ್ತಿದ್ದರು. ಪಿಶವಿ ಎಂದರೆ ಗರ್ಭಚೀಲ. ಬಟ್ಟೆ ಒಗೆದಂತೆ ಅದನ್ನು ಕೆರೆದು ತೊಳೆದರೆ ಬಸಿರು ನಿಲ್ಲುತ್ತದೆಂಬ ನಂಬಿಕೆ. ಒಮ್ಮೆ ಒಬ್ಬಳ ಚೀಟಿ ನೋಡಿ, ಈಕೆಯ ಗಂಡನ ತಪಾಸಣೆ ಆಗಿದೆಯೇ ಎಂದು ಕೇಳಿದೆ. ಹಿರಿಯರು ಕನ್ನಡಕ ಮೇಲಕ್ಕೇರಿಸಿ ನನ್ನನ್ನು ನೋಡಿದರು.

“ಗಂಡಸನ್ನ ಕರದೀ ಅಂದ್ರ ನಾಳಿ ಅವ್ರು ಕೊಲ್ಲಾಪುರದ ಡಾಕ್ಟರ ಕಡೆ ಹೊಕ್ಕಾರವಾ. ಹೋಗಲಿ ಬಿಡು ಅಂದ್ರ, ಬಸ್‌ಸ್ಟ್ಯಾಂಡಿನ್ಯಾಗ ನಿಂತು ನಮ್ಮ ಹೆಸರ ಕೆಡಸ್ತಾರ.”

“ಗಂಡಸಿನ ಕಡೆ ದೋಷ ಇದ್ರ ಈಕಿ ಪಿಶವಿ ಎಷ್ಟ ಸಲ ತೊಳದ್ರೇನ್ರಿ ಸರ್?”

“ನೀ ದವಾಖಾನಿ ತಗದಾಗ ಕರೀ ಗಂಡಸರನ್ನ. ನಾನೂ ಬಂದು ನೋಡ್ತೀನಿ, ಎಷ್ಟ ಮಂದಿ ಬರ್ತಾರ.”

ಅವರ ಮೇಲಿನ ಗೌರವ ನನಗೆ ಇಂದಿಗೂ ಕಡಿಮೆಯಾಗಿಲ್ಲ, ಆದರೆ ಆ ಮಾತು ಮುಳ್ಳಿನಂತೆ ಚುಚ್ಚಿತು. ಕೆಲ ವರ್ಷಗಳ ಮೇಲೆ ನನ್ನ ಗಂಡನಿಗೆ ಚಿಕ್ಕೋಡಿ ಕಾಲೇಜಿನಲ್ಲಿ ನೌಕರಿ ಸಿಕ್ಕಿತು. ಅಲ್ಲಿಯೇ ಒಂದು ಬಾಡಿಗೆ ಮನೆಯ ಮುಂಭಾಗದಲ್ಲಿ ನನ್ನ ದವಾಖಾನೆ ತೆರೆದೆ. ಮೊದಲ ದಿನವೇ ಗೋಡೆಗೆ ಬೋರ್ಡು ಹಾಕಿದೆ: ‘ಮಕ್ಕಳಾಗದವರು ಗಂಡ-ಹೆಂಡತಿ ಇಬ್ಬರೂ ಬರಬೇಕು.’ ಮೊದಲ ಆರು ತಿಂಗಳು ಬಂದ ಗಂಡಸರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಹಿರಿಯರು ಗೆದ್ದರು ಎಂದುಕೊಂಡೆ. ಆಮೇಲೆ ನಿಧಾನವಾಗಿ ಬರತೊಡಗಿದರು. ಕಾಗವಾಡದ ಕಡೆಯ ಒಬ್ಬ ಸಾಲಿ ಮಾಸ್ತರು ಹೆಂಡತಿಗಿಂತ ಮೊದಲು ತಾನೇ ಒಳಗೆ ಬಂದು, “ನನ್ನ ತಪಾಸಣಿ ಮೊದಲ ಮಾಡ್ರಿ ಬಾಯಾರ, ಆಕಿಗೆ ಸುಮ್ಮನ ಯಾಕ ಸೂಜಿ” ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ದಿನ ಮನೆಯಲ್ಲಿ ಶಿರಾ ಮಾಡಿದೆ.

ಈ ಕೆಲಸದಲ್ಲಿ ನಗು ಬಾರದವರು ಬಹಳ ದಿನ ಬಾಳುವುದಿಲ್ಲ. ರಾಯಬಾಗದ ಕಡೆಯ ಒಂದು ಜೋಡಿ ಬಂದಿತ್ತು. ಮದುವೆಯಾಗಿ ನಾಲ್ಕು ವರ್ಷ, ಇಬ್ಬರೂ ಗಟ್ಟಿಮುಟ್ಟು. ಅವಳ ಮುಟ್ಟು ಗಡಿಯಾರದಷ್ಟು ನೇರ, ಅವನ ತಪಾಸಣೆಯೂ ಚೊಕ್ಕ. ಏನು ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ, ನೀವಿಬ್ಬರೂ ಕೂಡುವುದು ಯಾವಾಗ ಎಂದು ಸೀದಾ ಕೇಳಿದೆ. ಇಬ್ಬರೂ ನೆಲ ನೋಡಿದರು. ಆಮೇಲೆ ಹುಡುಗ ಒಂದೊಂದೇ ಮಾತು ಬಿಚ್ಚಿದ. ಮಕ್ಕಳಾಗಲೆಂದು ತಾಯಿ ಹರಕೆ ಹೊತ್ತಿದ್ದಳು. ಸೋಮವಾರ ಈಶ್ವರನ ವಾರ, ಗುರುವಾರ ದತ್ತನದು, ಶನಿವಾರ ಹನುಮಪ್ಪನದು, ಮಂಗಳವಾರ ಶುಕ್ರವಾರ ದೇವಿಯದು. ಅಂದೆಲ್ಲ ಜೋಡಿ ಬೇರೆ ಬೇರೆ ಮಲಗಬೇಕು. ಇದರ ಮೇಲೆ ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ. ಉಳಿದದ್ದು ಬುಧವಾರ, ಆದಿತ್ಯವಾರ. ಬುಧವಾರ ಅವನು ಸಂತೆಗೆ ಹೋಗಿ ದಣಿದು ಬರುತ್ತಿದ್ದ. ಆದಿತ್ಯವಾರ ತವರಿನವರು ಬರುತ್ತಿದ್ದರು.

“ದೇವರು ಕೊಡಾಕ ತಯಾರ ಅದಾನಪಾ,” ಎಂದೆ. “ನೀವು ತಗೋಳಾಕ ಮನ್ಯಾಗ ಇದ್ರಲ್ಲ?”

ಹರಕೆಯನ್ನು ಕೂಸಾದ ಮೇಲೆ ತೀರಿಸಿ, ಈಗ ಬಾಕಿ ಇಡಿ ಎಂದು ಹೇಳಿ ಕಳಿಸಿದೆ. ಹೆಣ್ಣಿನ ದೇಹದಲ್ಲಿ ತಿಂಗಳಿಗೆ ಒಮ್ಮೆ ಅಂಡ ಬಿಡುಗಡೆಯಾಗುತ್ತದೆ. ಸಾಮಾನ್ಯವಾಗಿ ಎರಡು ಮುಟ್ಟಿನ ನಡುವಿನ ಕೆಲವು ದಿನಗಳಷ್ಟೇ ಬಸಿರು ನಿಲ್ಲುವ ಕಾಲ. ಆ ದಿನಗಳು ಯಾವ ವಾರ ಬರುತ್ತವೆಂದು ಪಂಚಾಂಗ ಹೇಳುವುದಿಲ್ಲ. ಇಷ್ಟನ್ನು ತಿಳಿಸಿದ್ದಕ್ಕೇ ಆ ಜೋಡಿಗೆ ಮುಂದಿನ ವರ್ಷ ಗಂಡು ಹುಟ್ಟಿತು. ಅಜ್ಜಿ ನನಗೆ ಪೇಢೆ ಕೊಟ್ಟು, ಸೋಮವಾರ ಹಿಡಿದಿದ್ದರ ಫಲ ಎಂದಳು. ನಾನು ಪೇಢೆ ತಿಂದೆ.

ಗಂಡಸರ ಧಾತು ತಪಾಸಣೆಯದಂತೂ ಒಂದು ಪುರಾಣ. ಚಿಕ್ಕ ಬಾಟಲಿ ಕೊಟ್ಟು, ಮನೆಯಿಂದ ತಂದುಕೊಡಿ, ಒಂದು ತಾಸಿನೊಳಗೆ ನನ್ನ ಕೈಗೆ ಮುಟ್ಟಬೇಕು ಎಂದು ಹೇಳಿ ಕಳಿಸುತ್ತಿದ್ದೆ. ಪಾಲಬಾವಿಯ ಒಬ್ಬ ರೈತ ಅದನ್ನು ಹಾಲಿನ ಗಾಡಿಯಲ್ಲಿ, ಕ್ಯಾನುಗಳ ನಡುವೆ, ಬರ್ಫದಲ್ಲಿ ಹೂತು ಕಳಿಸಿಕೊಟ್ಟ. ಹಾಲು ಕೆಡದಿರಲು ಹಾಗೆ ಮಾಡುವುದನ್ನು ನೋಡಿದ್ದ, ಇದಕ್ಕೂ ಅದೇ ನ್ಯಾಯ ಎಂದುಕೊಂಡಿದ್ದ. ಗಾಡಿಯವನು ಬಾಟಲಿ ನನ್ನ ಮೇಜಿನ ಮೇಲಿಟ್ಟು, “ಫ್ಯಾಟ್ ನೋಡ್ತೀರೇನ್ರಿ ಬಾಯಾರ?” ಎಂದ. ಬರ್ಫದಲ್ಲಿ ಅರ್ಧ ದಿನ ಕಳೆದ ವೀರ್ಯಾಣುಗಳು ಓಡುವುದಂತಿರಲಿ, ಒಂದೂ ಅಲುಗಾಡುತ್ತಿರಲಿಲ್ಲ. ಅಂದಿನಿಂದ ದೂರದೂರಿನವರು ದವಾಖಾನೆಯಲ್ಲಿಯೇ ಕೊಡಬೇಕೆಂದು ಹಿಂದಿನ ಕೋಣೆ ತೆರವು ಮಾಡಿಸಿದೆ. ಅಲ್ಲಿಗೆ ಹೋದವರೆಲ್ಲ ಸಪ್ಪೆ ಮುಖ ಮಾಡಿಕೊಂಡು ಖಾಲಿ ಬಾಟಲಿ ತರತೊಡಗಿದರು. ಕೊನೆಗೆ ಒಬ್ಬ ಬಾಯಿಬಿಟ್ಟ. “ಗ್ವಾಡಿ ಮ್ಯಾಲ ಲಕ್ಷ್ಮೀ ಕ್ಯಾಲೆಂಡರ ಐತ್ರಿ. ಆಕಿ ನನ್ನ ಕಡೇನ ನೋಡ್ತಾಳ.” ಕ್ಯಾಲೆಂಡರು ತೆಗೆಸಿದೆ. ಕಷ್ಟ ಪರಿಹಾರವಾಯಿತು.

ಆಮೇಲೆ ಪದ್ಧತಿಗಳು ಬದಲಾದವು. ಮೊದಲು ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಥರ್ಮಾಮೀಟರ್ ಬಾಯಲ್ಲಿಟ್ಟು ಜ್ವರ ನೋಡಿದಂತೆ ನೋಡಿ, ಅಂಡ ಬಿಡುಗಡೆಯಾದದ್ದನ್ನು ಊಹಿಸುತ್ತಿದ್ದೆವು. ನಮ್ಮ ಹೆಂಗಸರು ಎದ್ದು, ಚಹಾ ಕುಡಿದು, ಬಿಸಿ ಬಾಯಲ್ಲಿ ಅದನ್ನಿಡುತ್ತಿದ್ದರು. ಬರೆದು ತಂದದ್ದನ್ನು ನೋಡಿದರೆ ಎಲ್ಲರಿಗೂ ವಿಷಮಶೀತ ಜ್ವರ! ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಸೋನೋಗ್ರಾಫಿ ಬಂತು, ಅಂಡ ಬೆಳೆಯುವುದನ್ನು ಪರದೆಯ ಮೇಲೆ ನೋಡುವ ಕಾಲ ಬಂತು. ನಾನು ಯಂತ್ರದ ವಿರೋಧಿಯಲ್ಲ, ಸಾಲ ಮಾಡಿ ತಂದವರಲ್ಲಿ ನಾನೂ ಒಬ್ಬಳು. ಆದರೆ ಪರದೆ ಬಂದ ಮೇಲೆ ಡಾಕ್ಟರು ಪೇಶಂಟಿನ ಮುಖ ನೋಡುವುದು ಕಡಿಮೆಯಾಯಿತು. ಗಂಡಸು ಏನು ಕೆಲಸ ಮಾಡುತ್ತಾನೆ, ಎಲ್ಲಿ ಕೂರುತ್ತಾನೆ, ಏನು ಉಡುತ್ತಾನೆ ಎಂಬುದು ಯಾವ ಪರದೆಯ ಮೇಲೂ ಕಾಣುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬೇಡಕಿಹಾಳದ ಶೋಭಾಳ ಕಥೆಯನ್ನು ಕೇಳಿ.

ಅದು ಎಂಬತ್ತರ ದಶಕದ ಕೊನೆಯ ಭಾಗ. ದೀಪಾವಳಿ ಮುಗಿದಿತ್ತು. ಅಕ್ಕಾತಾಯಿ ಎಂಬ ಹಿರಿಯ ಹೆಂಗಸು ಸೊಸೆ ಶೋಭಾಳನ್ನು ಕರೆದುಕೊಂಡು ಬಂದಳು. ಬೇಡಕಿಹಾಳದಲ್ಲಿ ಕಬ್ಬಿನ ಹೊಲ, ಸ್ವಂತ ಬೆಲ್ಲದ ಗಾಣ ಇದ್ದ ಮನೆತನ. ಗಂಡ ತೀರಿಕೊಂಡ ಮೇಲೆ ಇಡೀ ಸಂಸಾರವನ್ನು ಮುಷ್ಟಿಯಲ್ಲಿಟ್ಟುಕೊಂಡ ಹೆಂಗಸು. ಬಂದವಳೇ ಗಂಡ ಕೂರಬೇಕಾದ ಕುರ್ಚಿಯಲ್ಲಿ ಕೂತಳು. ಎಬ್ಬಿಸಲು ನೋಡಿದೆ, ಏಳಲಿಲ್ಲ. ಶೋಭಾಳಿಗೆ ಮದುವೆಯಾಗಿ ಏಳು ವರ್ಷ. ಬೇರೆ ಬೇರೆ ಕಡೆ ಮೂರು ಸಲ ಪಿಶವಿ ತೊಳೆಸಿದ್ದರು. ಮಿರಜಿನಲ್ಲಿ ಬಣ್ಣ ಬಿಟ್ಟು ತೆಗೆಸಿದ ಎಕ್ಸ್‌ರೇಯಲ್ಲಿ ಎರಡೂ ನಳಿಕೆಗಳು ತೆರೆದಿದ್ದವು. ನಾನೂ ಪರೀಕ್ಷಿಸಿದೆ. ಏನೂ ದೋಷವಿರಲಿಲ್ಲ.

“ನಾವು ಔಷಧಾ ಕೇಳಾಕ ಬಂದಿಲ್ರಿ,” ಎಂದಳು ಅಕ್ಕಾತಾಯಿ. “ಇಕಿಗೆ ಮಕ್ಕಳಾಗೂದಿಲ್ಲ ಅಂತ ಒಂದ ಮಾತು ನಿಮ್ಮ ಬಾಯಿಂದ ಬಂದ್ರ ಸಾಕು. ಇಕಿ ತಂಗಿ ಮಂಗಲ ಅದಾಳ. ಯುಗಾದಿಗೆ ಸಾಖರಪುಡಾ ಮಾಡಿ ಆಕಿನ್ನ ನನ್ನ ಮಗ ಅಪ್ಪಾಸಾಬಗ ತರೂದ ಅಂತ ಬೀಗರ ಕೂಡ ಮಾತಾಗೇತಿ.”

ಸಾಖರಪುಡಾ ಎಂದರೆ ಮದುವೆ ನಿಶ್ಚಯ. ಕಾಯ್ದೆ ಇದಕ್ಕೆ ಒಪ್ಪುವುದಿಲ್ಲ ಎಂದೆ. ಕಾಯ್ದೆ ಬೆಳಗಾವಿಯಲ್ಲಿ ಇರುತ್ತದೆ, ಬೇಡಕಿಹಾಳದಲ್ಲಿ ಇರುವುದಿಲ್ಲ ಎಂದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಹೇಳಿದಳು:

“ನಾನೂ ಹಂಗ ಬಂದಾಕೀನ ರೀ. ನಮ್ಮಕ್ಕ ಕಾಶವ್ವಗ ಮಕ್ಕಳಾಗಲಿಲ್ಲ. ನಮ್ಮಪ್ಪ ನನ್ನ ಅದ ಮನಿಗೆ ಕೊಟ್ಟ. ಇನ್ನೂ ಇಬ್ರೂ ಒಂದ ಒಲಿ ಮುಂದ ಉಣ್ತೇವು. ಏನ ಕೆಟ್ಟಾತು?”

ಕೆಟ್ಟದ್ದು ಏನೆಂದು ಶೋಭಾಳ ಮುಖ ಹೇಳುತ್ತಿತ್ತು. ಅತ್ತೆಯನ್ನು ಹೊರಗೆ ಕಳಿಸಿ ಅವಳನ್ನು ಮಾತಾಡಿಸಿದೆ. ಮಂಗಲ ಆಗಷ್ಟೇ ಹತ್ತನೆಯ ಇಯತ್ತೆ ಪಾಸಾಗಿ, ಮಾಸ್ತರಕಿ ತರಬೇತಿಗೆ ಅರ್ಜಿ ಹಾಕಿದ್ದಳಂತೆ. ತಂದೆ ಅದನ್ನು ಹರಿದು ಹಾಕಿದ್ದ. “ಹೊರಗಿನಾಕಿ ಸವತಿ ಆಗಿ ಬಂದ್ರ ಜಗಳಾಡಬಹುದ್ರಿ,” ಎಂದಳು ಶೋಭಾ. “ನಾ ಎತ್ತಿ ಆಡಿಸಿದ ತಂಗಿ ಜೋಡಿ ಹ್ಯಾಂಗ ಜಗಳಾಡ್ಲಿ ಬಾಯಾರ?” ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಕ್ಕಾತಾಯಿಯನ್ನು ಮತ್ತೆ ಒಳಗೆ ಕರೆದೆ. ಮನೆಯಲ್ಲಿ ಎಮ್ಮೆ ಇವೆಯೇ ಎಂದು ಕೇಳಿದೆ. ನಾಲ್ಕು ಇವೆ ಎಂದಳು.

“ಎಮ್ಮಿ ಗಬ್ಬ ನಿಂದರಲಿಲ್ಲಂದ್ರ ಏನ್ ಮಾಡ್ತೀರಿ?”

“ಕ್ವಾಣ ಬದಲಿ ಮಾಡಿ ನೋಡ್ತೇವ್ರಿ.”

“ಎಮ್ಮಿ ಮಾರಿಬಿಡೂದಿಲ್ಲ?”

“ಹುಚ್ಚ ಅದೇವೇನ್ರಿ? ಮೊದಲ ಕ್ವಾಣದ್ದ ನೋಡೂದು.”

ಹೇಳಿಯಾದ ಮೇಲೆ ಅವಳಿಗೆ ಅರ್ಥವಾಯಿತು. ಮುಖ ಕೆಂಪಗಾಯಿತು. “ನನ್ನ ಮಗಾ ಕ್ವಾಣ ಅಲ್ರಿ,” ಎಂದು ಸೊಸೆಯ ಕೈ ಹಿಡಿದೆಳೆದುಕೊಂಡು ಹೊರಟೇಹೋದಳು. ಬಾಗಿಲಾಚೆ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಆದರೆ ಯುಗಾದಿ ಬಹಳ ದೂರವಿರಲಿಲ್ಲ, ಗಂಡನ ಮುಖವನ್ನು ನಾನಿನ್ನೂ ನೋಡಿರಲಿಲ್ಲ.

ಅವನು ಬರುವವನಲ್ಲ ಎಂದು ಗೊತ್ತಾಯಿತು. ಹಾಗಾದರೆ ನಾನೇ ಹೋಗಬೇಕು. ಒಂದು ಆದಿತ್ಯವಾರ ನನ್ನ ಗಂಡನ ಸ್ಕೂಟರಿನ ಹಿಂದೆ ಕೂತು, ಬಿಸಿ ಬೆಲ್ಲ ತಿನ್ನುವ ನೆಪ ಮಾಡಿಕೊಂಡು ಬೇಡಕಿಹಾಳದ ಗಾಣಕ್ಕೆ ಹೋದೆ. ನಮ್ಮ ಸೀಮೆಯಲ್ಲಿ ಗಾಣಕ್ಕೆ ಬಂದವರನ್ನು ಹಗೆಯಾದರೂ ಬರಿಗೈಲಿ ಕಳಿಸುವುದಿಲ್ಲ. ಅಕ್ಕಾತಾಯಿ ಮುಖ ಊದಿಸಿಕೊಂಡೇ ಎಲೆಯ ಮೇಲೆ ಬೆಲ್ಲ ಹಾಕಿಸಿದಳು. ಅಪ್ಪಾಸಾಬ ಎಲ್ಲಿ ಎಂದೆ. ಒಲೆಯ ಕಡೆ ಕೈ ತೋರಿಸಿದಳು.

ಕಡಾಯಿಯ ಕೆಳಗಿನ ಒಲೆ ನೆಲದಲ್ಲಿ ತಗ್ಗು ತೋಡಿ ಮಾಡಿದ್ದು. ಆ ತಗ್ಗಿನಲ್ಲಿ, ಬೆಂಕಿಯ ಬಾಯಿಗೆ ಎದುರಾಗಿ, ಲಂಗೋಟಿ ಬಿಗಿದ ಒಬ್ಬ ಎತ್ತರದ ಗಂಡಸು ತುದಿಗಾಲಲ್ಲಿ ಕುಕ್ಕರಿಸಿ ಕೂತು ಕಬ್ಬಿನ ಒಣ ಗರಿಯಾದ ರವದಿಯನ್ನು ತುರುಕುತ್ತಿದ್ದ. ಮೈಯೆಲ್ಲ ತಾಮ್ರದ ಬಣ್ಣ. ತಾಲೀಮಿನಲ್ಲಿ ಪಳಗಿದ ಪೈಲವಾನ, ಲಂಗೋಟಿ ಬಿಗಿಯುವ ಚಟ ಅಲ್ಲಿಂದಲೇ ಬಂದದ್ದು. ಆ ಝಳಕ್ಕೆ ನಾನು ಹತ್ತಿರ ನಿಲ್ಲಲಾರದೆ ಹಿಂದೆ ಸರಿದೆ. ನನಗೆ ಎಲ್ಲವೂ ಅಲ್ಲಿಯೇ ಹೊಳೆಯಿತು.

“ಎಷ್ಟೊತ್ತು ಕೂಡ್ತೀರಿ ಇಲ್ಲಿ?” ಎಂದೆ.

“ಹೊತ್ತು ಹುಟ್ಟಿ ಮುಣುಗೂತನಾ ರೀ. ಯುಗಾದಿತನಕ ಹಿಂಗ.”

“ಆಳು ಇಲ್ಲೇನು?”

ಅವನು ನಕ್ಕ. “ಆಳಿನ ಕೈಯಾಗ ಒಲಿ ಕೊಟ್ರ ಬೆಲ್ಲ ಕರ್ರಗಾಗತೈತ್ರಿ. ಉರಿ ಕಾಯೂದು ನಮ್ಮ ಮನಿ ಗಂಡಸರ ಕೆಲಸ. ಅಪ್ಪ ಕಾದ, ಈಗ ನಾ ಕಾಯಾಕತ್ತೇನಿ. ನಿಪ್ಪಾಣಿ ಪ್ಯಾಟ್ಯಾಗ ನಮ್ಮ ಬೆಲ್ಲ ಅಂದ್ರ ಕಣ್ಣ ಮುಚ್ಚಿ ಒಯ್ತಾರ.”

ಅದು ಆ ಮನೆಯ ಪದ್ಧತಿ. ಹೊಲದ ಕೆಲಸಕ್ಕೆಲ್ಲ ಆಳಿದ್ದರೂ ಒಲೆಯನ್ನು ಮಾತ್ರ ಮನೆಯ ಯಜಮಾನನೇ ಕಾಯಬೇಕು. ಅದರಲ್ಲೇ ಅವರ ಮಾನ ಇದ್ದದ್ದು. ಗಂಡಸಿನ ಬೀಜಕೋಶಗಳನ್ನು ದೇವರು ಹೊಟ್ಟೆಯೊಳಗೆ ಇಡದೆ ಹೊರಗೆ ತೂಗಬಿಟ್ಟಿರುವುದು ತಂಪಿಗಾಗಿ. ಮೈಯ ಬಿಸಿಗಿಂತ ತುಸು ತಂಪಾಗಿದ್ದರೇ ಅಲ್ಲಿ ವೀರ್ಯಾಣು ಸರಿಯಾಗಿ ಬೆಳೆಯುವುದು. ಇವನು ಅವುಗಳನ್ನು ಲಂಗೋಟಿಯಲ್ಲಿ ಬಿಗಿದು ವರ್ಷದ ಅರ್ಧ ಬೆಂಕಿಗೆ ಹಿಡಿಯುತ್ತಿದ್ದ. ಉಳಿದ ಅರ್ಧದಲ್ಲೂ ಲಂಗೋಟಿ ಬಿಡುತ್ತಿರಲಿಲ್ಲ, ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಒಲೆ ಹೊತ್ತುತ್ತಿತ್ತು.

“ಕುಸ್ತಿ ಹಿಡದಾವ್ರು ನೀವು,” ಎಂದೆ. “ಎದುರಿಗೆ ಯಾರದಾರ ಅಂತ ನೋಡದ ಅಖಾಡಕ್ಕ ಇಳೀತೀರೇನು? ಒಂದ ಸಲ ದವಾಖಾನಿಗೆ ಬಂದು ನೋಡಿ ಹೋಗ್ರಿ. ನೀವು ಒಬ್ಬರ ಬರ್ರಿ.”

ಅವನು ಮತ್ತಷ್ಟು ರವದಿ ತುರುಕಿದ. ಆದರೆ ಆ ವಾರವೇ ಬೆಳಿಗ್ಗೆ, ಇನ್ನೂ ಬಾಗಿಲು ತೆರೆಯುವ ಮುಂಚೆ, ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

ಅವನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ನನ್ನ ಊಹೆ ಸರಿಯಾಗಿತ್ತು. ಅಲ್ಲೊಂದು ಇಲ್ಲೊಂದು, ಅವುಗಳಲ್ಲೂ ಹೆಚ್ಚಿನವು ನಿಂತಲ್ಲೇ ನಿಂತವು. ಇಂಥದ್ದನ್ನು ಬಾಯಿಮಾತಿನಲ್ಲಿ ಹೇಳಿದರೆ ಪೈಲವಾನ ನಂಬುತ್ತಾನೆಯೇ? ಬಗ್ಗಿ ನೋಡು ಎಂದೆ. ಅವನ ಹಿಂದೆಯೇ ತಪಾಸಣೆಗೆ ಬಂದಿದ್ದ ಇನ್ನೊಬ್ಬನ ಸ್ಲೈಡು, ಯಾರದೆಂದು ಹೇಳದೆ, ಅದನ್ನೂ ತೋರಿಸಿದೆ. ಎರಡನ್ನೂ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿದ.

“ಅವಂದ್ರಾಗ ಭರ್ತಿ ಸಂತಿ ಐತ್ರಿ. ನನ್ನದ್ರಾಗ ಸಂತಿ ಮುಗದ ಮ್ಯಾಲಿನ ಬೈಲ ಐತಿ.”

ಅವನಿಗಿಂತ ಚೆನ್ನಾಗಿ ಆ ರಿಪೋರ್ಟನ್ನು ಯಾರೂ ಬರೆಯಲಾರರು. ಸ್ವಲ್ಪ ಹೊತ್ತು ಟೋಪಿಯನ್ನು ಮಡಚಿದ, ಬಿಚ್ಚಿದ.

“ಮಂಗಲ ಬಂದ್ರ?”

“ಆಕಿಗೂ ಇಷ್ಟ. ಈಗ ಒಬ್ಬಾಕಿ ಬಂಜಿ ಅನಿಸ್ಕೊಂಡಾಳ. ಆಗ ಅಕ್ಕ-ತಂಗಿ ಇಬ್ರೂ ಅನಿಸ್ಕೋತಾರ.”

ಉಪಾಯವೇನು ಎಂದು ಕೇಳಿದ. ಒಲೆ ಬಿಡಬೇಕು, ಲಂಗೋಟಿ ಬಿಡಬೇಕು, ತಂಬಾಕು ಬಿಡಬೇಕು ಎಂದೆ. ಹೊಸ ವೀರ್ಯಾಣು ಬೆಳೆದು ಬರಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಅಷ್ಟರವರೆಗೆ ಏನೂ ಕಾಣುವುದಿಲ್ಲ, ಆಮೇಲೂ ಮಗು ಆಗಿಯೇ ತೀರುತ್ತದೆಂದು ನಾನು ಮಾತು ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಹುಡುಗಿಯರೇ, ಇದನ್ನು ಮರೆಯಬೇಡಿ. ನಮ್ಮ ಕಸುಬಿನಲ್ಲಿ ಧೈರ್ಯ ಕೊಡಬೇಕು, ಭಾಷೆ ಕೊಡಬಾರದು. ಇನ್ನೊಂದು ಮಾತನ್ನೂ ಹೇಳಿದೆ: ಇದು ನಿನ್ನ ಗುಟ್ಟು, ನಿನ್ನ ತಾಯಿಗೆ ನನ್ನ ಬಾಯಿಂದ ಹೋಗುವುದಿಲ್ಲ.

“ನಿಮ್ಮ ಬಾಯಿಂದ ಯಾಕ ಹೋಗಬೇಕ್ರಿ, ನನಗ ಬಾಯಿಲ್ಲೇನು?” ಎಂದ.

ಮರುವಾರ ತಾಯಿ, ಹೆಂಡತಿ ಇಬ್ಬರನ್ನೂ ಕರೆದುಕೊಂಡು ಬಂದ. ನನ್ನ ಮೇಜಿನ ಮುಂದೆ ನಿಂತೇ ಹೇಳಿದ. “ಅವ್ವಾ, ಮಂಗಲನ ಮಾತ ನಿಂದರಸು. ಕಮ್ಮಿ ಇರೂದು ನನ್ನಾಗ. ನಾ ಕಣ್ಣಾರೆ ನೋಡೇನಿ.” ಶೋಭಾ ಗಂಡನ ಮುಖ ನೋಡಿದಳು. ಅಕ್ಕಾತಾಯಿ ಮಾತ್ರ ನನ್ನ ಮೇಲೆ ಹರಿಹಾಯ್ದಳು. “ಏನ ಮದ್ದ ಹಾಕಿದ್ರಿ ನನ್ನ ಮಗಗ? ಕುಸ್ತ್ಯಾಗ ಗದಾ ಗೆದ್ದ ಮಗಾ ರೀ ಅವ!” ಗದೆ ಗೆಲ್ಲುವುದಕ್ಕೂ ಮಗು ಆಗುವುದಕ್ಕೂ ಸಂಬಂಧವಿಲ್ಲ ಎಂದೆ. ಗಂಡಸಿನ ತಾಕತ್ತು ಬೇರೆ, ವೀರ್ಯಾಣುವಿನ ಎಣಿಕೆ ಬೇರೆ. ಇದು ಗಂಡಸರಿಗೂ ತಿಳಿಯುವುದಿಲ್ಲ, ಅವರನ್ನು ಹೆತ್ತವರಿಗೂ ತಿಳಿಯುವುದಿಲ್ಲ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. “ಯುಗಾದಿತನಕ ನೋಡ್ತೇನಿ. ಆಮ್ಯಾಲ ನನ್ನ ಮಾತು ನಡೀಬೇಕು,” ಎಂದು ಎದ್ದಳು.

ಅಪ್ಪಾಸಾಬ ಒಲೆ ಬಿಟ್ಟ. ಅದು ಸಣ್ಣ ಮಾತಲ್ಲ. ಆಳಿನ ಕೈಗೆ ಹೋದ ಉರಿ ಹದ ತಪ್ಪಿತು, ಬೆಲ್ಲ ಕಪ್ಪಾಯಿತು. ಪೇಟೆಯವರು ಮುದ್ದೆಗಳನ್ನು ತಿರುವಿ ತಿರುವಿ ನೋಡಿ ಮೂಗು ಮುರಿದರು. ಊರವರಿಗೆ ಹಾಸ್ಯ ಮಾಡಲು ಇನ್ನೇನು ಬೇಕು? ‘ಅಪ್ಪಾಸಾಬಗ ಈಗ ಸೆಕಿ ತಡ್ಯಾಕ ಆಗವಲ್ದು’ ಎಂದು ಕಟ್ಟೆಯ ಮೇಲೆ ಕೂತವರು ಕೂಗುತ್ತಿದ್ದರಂತೆ. ಅವನು ಧೋತರ ಉಟ್ಟು, ತಲೆ ಎತ್ತಿಕೊಂಡೇ ಅವರ ಮುಂದೆ ಹಾದುಹೋಗುತ್ತಿದ್ದನಂತೆ. ಇದನ್ನೆಲ್ಲ ಶೋಭಾ ಬಂದಾಗ ಹೇಳುತ್ತಿದ್ದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ಏಳು ವರ್ಷದ ಸಂಸಾರದಲ್ಲಿ ಗಂಡ ತನಗಾಗಿ ನಗೆಪಾಟಲಾದದ್ದು ಅದೇ ಮೊದಲು.

ಯುಗಾದಿಯ ಹೊತ್ತಿಗೆ ಮತ್ತೆ ತಪಾಸಣೆ ಮಾಡಿದೆ. ಸಂತೆ ಭರ್ತಿಯಾಗಿರಲಿಲ್ಲ, ಆದರೆ ಜನ ಬರತೊಡಗಿದ್ದರು. ಬಸಿರು ಮಾತ್ರ ಇನ್ನೂ ನಿಂತಿರಲಿಲ್ಲ. ಅಕ್ಕಾತಾಯಿಯ ಗಡುವು ಮುಗಿಯುತ್ತಿತ್ತು. ಅವಳು ಬಂದೇಬರುತ್ತಾಳೆ ಎಂದು ನಾನು ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದೆ. ಬಂದಳು, ಒಬ್ಬಳೇ. ಕುರ್ಚಿಯಲ್ಲಿ ಕೂರಲಿಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

“ಬಾಯಾರ, ಒಂದ ಕೇಳ್ತೇನಿ, ಖರೇ ಹೇಳ್ರಿ. ಒಲಿ ಸೆಕಿಗೆ ಹಿಂಗಾಗತೈತಿ ಅನ್ನೂದು ಖರೇ ಏನು?”

“ಖರೇ. ಎಲ್ಲಾರಿಗೂ ಆಗತೈತಿ ಅಂತಲ್ಲ. ಆದ್ರ ಆಗತೈತಿ.”

“ನನಗ ಲಗ್ನಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ರಿ. ಆಮ್ಯಾಲ ನಮ್ಮ ಮನ್ಯಾಗ ಅಣ್ಣ-ತಮ್ಮರ ಆಸ್ತಿ ವಾಟ್ನಿ ಜಗಳ ಬಿತ್ತು. ಕೋರ್ಟು ಕಚೇರಿ ಅಂತ ಒಂದ ಸುಗ್ಗಿ ಗಾಣ ಬಂದ್ ಇತ್ತು, ಒಲಿ ಹೊತ್ತಲೇ ಇಲ್ಲ. ಅಪ್ಪಾಸಾಬ ಹೊಟ್ಟ್ಯಾಗ ನಿಂತಿದ್ದು ಆ ವರ್ಷ. ಮುಂದ ಗಾಣ ಚಾಲೂ ಆತು. ನನಗ ಮತ್ತೊಂದ ಆಗಲಿಲ್ಲ.”

ಸತ್ತ ಗಂಡನ ತಪಾಸಣೆ ಮಾಡಲು ಬರುವುದಿಲ್ಲ. ಇದನ್ನೇ ಸಾಕ್ಷಿ ಎಂದು ಯಾವ ಸಭೆಯಲ್ಲೂ ಓದಲಾಗುವುದಿಲ್ಲ. ಆದರೂ ಹೌದಾಗಿರಬಹುದು ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅಂದೇ ಬೀಗರ ಮನೆಗೆ ಹೋಗಿ ಸಾಖರಪುಡಾ ಬೇಡವೆಂದು ಹೇಳಿ ಬಂದಳು ಎಂದು ಆಮೇಲೆ ಶೋಭಾ ತಿಳಿಸಿದಳು. ಮಂಗಲ ಹೊಸದಾಗಿ ಅರ್ಜಿ ಹಾಕಿದಳು.

ಶೋಭಾಳಿಗೆ ಕೂಸಾಯಿತೋ ಇಲ್ಲವೋ ಎಂದು ಕೇಳುತ್ತೀರಿ. ಮಳೆಗಾಲದಲ್ಲಿ ಬಸಿರು ನಿಂತಿತು. ಎಲ್ಲ ಜೋಡಿಗೂ ಹೀಗೆ ಆಗುವುದಿಲ್ಲ. ಒಲೆ ಬಿಟ್ಟರೂ ಆಗದವರನ್ನು ನಾನು ನೋಡಿದ್ದೇನೆ, ಒಲೆಯ ಮುಂದೆಯೇ ಕೂತು ಐದು ಮಕ್ಕಳ ತಂದೆಯಾದವರನ್ನೂ ನೋಡಿದ್ದೇನೆ. ಇವರಿಗೆ ಆಯಿತು, ನನಗೆ ಆನಂದವಾಯಿತು.

ಐದನೆಯ ತಿಂಗಳ ತಪಾಸಣೆಗೆ ಶೋಭಾ ಬಂದ ದಿನ ಅಕ್ಕಾತಾಯಿಯ ಜೊತೆ ಇನ್ನೊಬ್ಬ ಮುದುಕಿ ಇದ್ದಳು. ಸಣಕಲು ಮೈ, ಬಿಳಿ ಕೂದಲು, ಬಾಗಿದ ಬೆನ್ನು. ಒಳಗೆ ಬಂದರೂ ಬಾಗಿಲ ಬಳಿಯೇ ನಿಂತಿದ್ದಳು. ಶೋಭಾಳ ತಪಾಸಣೆ ಮುಗಿಸಿ, ಎಲ್ಲ ಚೆನ್ನಾಗಿದೆ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಅಕ್ಕಾತಾಯಿ ಆ ಮುದುಕಿಯ ಕೈ ಹಿಡಿದು ಮುಂದಕ್ಕೆ ತಂದಳು.

“ಇಕಿ ನಮ್ಮಕ್ಕ ಕಾಶವ್ವ ರೀ. ಇಕಿನ್ನೂ ತಪಾಸ ಮಾಡ್ರಿ.”

“ಏನ ತ್ರಾಸ ಐತಿ?”

“ತ್ರಾಸ ಏನಿಲ್ರಿ. ಇಕಿದ ಏನರೇ ಕಮ್ಮಿ ಇತ್ತೇನು, ಅದನ್ನ ನೋಡಿ ಹೇಳ್ರಿ. ಜನ್ಮಾ ಪೂರ್ತಿ ಬಂಜಿ ಅನಿಸ್ಕೊಂಡಾಳ. ನಾನೂ ಅಂದೇನಿ.”

ಈ ವಯಸ್ಸಿನಲ್ಲಿ ನೋಡಿ ತಿಳಿಯುವುದು ಬಹಳ ಕಡಿಮೆ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಕಾಶವ್ವ ತಾನಾಗಿಯೇ ಮೇಜಿನ ಮೇಲೆ ಹತ್ತಿ ಮಲಗಿ, ಕಣ್ಣು ಮುಚ್ಚಿಕೊಂಡಿದ್ದಳು. ಪರೀಕ್ಷಿಸಿದೆ. ನನ್ನ ವೃತ್ತಿಯಲ್ಲಿ ಯಾವ ಬಸುರಿಯನ್ನೂ ಅಷ್ಟು ನಿಧಾನವಾಗಿ ಪರೀಕ್ಷಿಸಿದವಳಲ್ಲ. ಆಮೇಲೆ ಅವಳ ಕಿವಿಯ ಬಳಿ ಬಾಗಿ ಹೇಳಿದೆ.

“ಅವ್ವಾ, ನನ್ನ ಕೈಗೆ ಸಿಕ್ಕಷ್ಟ್ರಾಗ ನಿಮ್ಮಲ್ಲಿ ಯಾವ ಕಮ್ಮೀನೂ ಕಾಣವಲ್ದು. ಉಳಿದದ್ದು ಈಗ ಯಾರೂ ಹೇಳಾಕ ಬರೂದಿಲ್ಲ. ಆದ್ರ ತಪ್ಪು ನಿಮ್ಮದ ಅಂತ ಅಂದಾವ್ರು ಯಾರೂ ನೋಡಿ ಅಂದಿರಲಿಲ್ಲ.”

ಅಕ್ಕಾತಾಯಿ ಅಕ್ಕನ ಪಾದ ಹಿಡಿದುಕೊಂಡು ನಿಂತಿದ್ದಳು. ಹೊರಗೆ ಬೆಂಚಿನ ಮೇಲೆ ಪೇಶಂಟುಗಳು ಮಾತಾಡುವುದು ಕೇಳುತ್ತಿತ್ತು. ಬೇಡಕಿಹಾಳದವರೂ ಅವರಲ್ಲಿದ್ದರು. ಕಾಶವ್ವ ಎದ್ದು ಕೂತು, ಸೀರೆ ಸರಿಮಾಡಿಕೊಂಡು, ಮೊದಲ ಸಲ ಬಾಯಿ ತೆರೆದಳು. ನನ್ನೊಂದಿಗಲ್ಲ, ತಂಗಿಯೊಂದಿಗೆ.

“ಜೋರಲೆ ಹೇಳ ಅನ್ನು ಅವರಿಗೆ. ಹೊರಗ ಮಂದಿ ಕುಂತೈತಿ.”

ನಾನು ಹೋಗಿ ಬಾಗಿಲನ್ನು ಪೂರ್ತಿ ತೆರೆದೆ. ಅವಳ ಕೈ ಹಿಡಿದು ಹೊಸ್ತಿಲಿಗೆ ಕರೆತಂದು, ಎಲ್ಲರಿಗೂ ಕೇಳುವಂತೆ, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.